ಮೂವತ್ತೇಳನೆಯ ಸಾಲು, ಹದಿನಾಲ್ಕನೆಯ ಚೌಕ

ಬನಹಟ್ಟಿ
4 ಆಗಸ್ಟ್ 2024

ಗೌರೀಶ ಸರ್ ಅವರಿಗೆ,

ನಮಸ್ಕಾರಗಳು. ನನ್ನ ನೆನಪು ನಿಮಗೆ ಇರಲಾರದು. ಹದಿನಾರು ವರ್ಷದ ಹಿಂದೆ ಜಮಖಂಡಿಯ ಕಾಲೇಜಿನಲ್ಲಿ ನಿಮ್ಮ ಗಣಿತದ ವಿದ್ಯಾರ್ಥಿನಿಯಾಗಿದ್ದೆ. ಶನಿವಾರ ಪಾಠ ಮುಗಿದ ಮೇಲೆ ನೀವು ತರ್ಕಶಾಸ್ತ್ರ ಹೇಳುತ್ತಿದ್ದಿರಿ. ಬಸ್ಸು ತಪ್ಪಿದರೂ ಕೂಡುತ್ತಿದ್ದವರು ನಾಲ್ಕೇ ಜನ, ಅವರಲ್ಲಿ ನಾನೊಬ್ಬಳು. ನೀವು ಈಗ ಬೀಳಗಿಯಲ್ಲಿದ್ದೀರಿ, ಕಿವಿ ಮಂದವಾದ್ದರಿಂದ ಫೋನು ಬಿಟ್ಟಿದ್ದೀರಿ, ಕಾಗದ ಬರೆದರೆ ಮಾತ್ರ ಉತ್ತರ ಕೊಡುತ್ತೀರಿ ಎಂದು ಗೊತ್ತಾಗಿ ಬರೆಯುತ್ತಿದ್ದೇನೆ.

ನನ್ನ ಮಾವ ಮುರಗೆಪ್ಪನವರದು ಇಲ್ಲಿ ಕಾರ್ಡ್ ಹೊಡೆಯುವ ಅಂಗಡಿ. ಮಗ್ಗದವರನ್ನು ಬಿಟ್ಟು ಉಳಿದವರಿಗೆ ಇದು ಗೊತ್ತಿರುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಸೀರೆಯ ದಡಿಯ ಚಿತ್ರವನ್ನು ಮೊದಲು ಚೌಕದ ಕಾಗದದ ಮೇಲೆ ಬರೆಯುತ್ತಾರೆ. ನಿಂತ ಸಾಲು ಎಂದರೆ ಹಾಸಿನ, ಅಂದರೆ ಉದ್ದ ನೂಲಿನ, ಒಂದು ಎಳೆ. ಅಡ್ಡ ಸಾಲು ಎಂದರೆ ಲಾಳಿ ಒಂದು ಸಲ ಹಾಯುವುದು. ಚೌಕದಲ್ಲಿ × ಇದ್ದರೆ ಆ ಎಳೆ ಮೇಲೇಳಬೇಕು, ಖಾಲಿ ಇದ್ದರೆ ಏಳಬಾರದು. ಒಂದು ಅಡ್ಡ ಸಾಲಿಗೆ ಒಂದು ರಟ್ಟಿನ ಕಾರ್ಡು. × ಇದ್ದಲ್ಲಿ ಮಶಿನ್ನಿನಿಂದ ತೂತು ಹೊಡೆಯುತ್ತೇವೆ. ಕಾರ್ಡುಗಳನ್ನು ಸರವಾಗಿ ಹೊಲಿದು ಮಗ್ಗದ ಮೇಲೆ ಏರಿಸಿದರೆ, ತೂತಿದ್ದಲ್ಲಿ ಎಳೆ ಏಳುತ್ತದೆ. ಮದುವೆಯಾಗಿ ಬಂದ ಮೇಲೆ ಈ ಕೆಲಸ ನಾನೂ ಕಲಿತೆ.

ಇದರೊಂದಿಗೆ ಮೂರು ಪುಟಗಳಿವೆ. ಹಳೆಯ ಪುಸ್ತಕವೊಂದರಿಂದ ನಾನೇ ಚೊಕ್ಕವಾಗಿ ನಕಲು ಮಾಡಿದ್ದು. ಇಂಥವು ಒಟ್ಟು ಇಪ್ಪತ್ತಿವೆ, ಎಲ್ಲವೂ ಒಂದೇ ಥರ. ಕೆಳಗಿನಿಂದ ಮೂವತ್ತೇಳನೆಯ ಸಾಲು, ಎಡದಿಂದ ಹದಿನಾಲ್ಕನೆಯ ಚೌಕ: ಅಲ್ಲೊಂದು ×. ಅದರ ಸುತ್ತ ಸೊನ್ನೆ. ಪಕ್ಕದಲ್ಲಿ, ಅಂಚನ್ನು ದಪ್ಪವಾಗಿ ತಿದ್ದಿದ ಒಂದು ಖಾಲಿ ಚೌಕ. ಇಷ್ಟೇ.

ಇದಕ್ಕೆ ಅರ್ಥ ಇದೆಯೇ, ಇಲ್ಲವೇ? ಎರಡರಲ್ಲೊಂದು ಉತ್ತರ ನನಗೆ ಬೇಕಾಗಿದೆ. ಯಾಕೆ ಎಂಬುದು ಸದ್ಯಕ್ಕಿರಲಿ.

ನಿಮ್ಮ ವಿದ್ಯಾರ್ಥಿನಿ,
ಅಕ್ಷತಾ


ಬೀಳಗಿ
11 ಆಗಸ್ಟ್ 2024

ಶ್ರೀಮತಿ ಅಕ್ಷತಾ ಅವರಿಗೆ,

ನಿಮ್ಮ ಕಾಗದ ತಲುಪಿತು. ನೆನಪಿದೆ ಎಂದು ಸುಳ್ಳು ಹೇಳಲಾರೆ. ಆದರೆ ಶನಿವಾರದ ನಾಲ್ಕು ಜನರ ಲೆಕ್ಕ ಸರಿಯಾಗಿದೆ.

ಗುರುತು ಎಂದರೆ ತನ್ನನ್ನು ಬಿಟ್ಟು ಬೇರೆ ಒಂದನ್ನು ತೋರಿಸುವಂಥದ್ದು. ನಿಮ್ಮ × ತೋರಿಸುವುದು ಎಳೆಯನ್ನು. ಅದು ಬೆರಳಿನಿಂದ ಮುಟ್ಟಿ ನೋಡಬಹುದಾದ ವಸ್ತು. ಇಷ್ಟು ಸ್ಪಷ್ಟವಾದ ಭಾಷೆ ನಾನು ಪುಸ್ತಕದ ಹೊರಗೆ ನೋಡಿದ್ದು ಇದೇ ಮೊದಲು. ಎರಡೇ ಗುರುತು, ತೂತು ಮತ್ತು ಖಾಲಿ. ಓದುವುದು ಒಂದು ಯಂತ್ರ, ಅದಕ್ಕೆ ಊಹಿಸಲು ಬರುವುದಿಲ್ಲ. ಎರಡು ದಿನ ನಾನು ಇದನ್ನೇ ಯೋಚಿಸಿದೆ ಎಂದರೆ ನಿಮಗೆ ನಗು ಬರಬಹುದು.

ಈಗ ನಿಮ್ಮ ಪ್ರಶ್ನೆ. ಇಪ್ಪತ್ತು ಪುಟವೂ ಒಂದೇ ಎಂದಿರಿ. ನಿಮ್ಮ ನಿಯಮದಂತೆ ಓದಿದರೆ, ಹದಿನಾಲ್ಕನೆಯ ಎಳೆ ಒಮ್ಮೆ ಏಳುತ್ತದೆ, ಉಳಿದ ಎಳೆಗಳೆಲ್ಲ ಸುಮ್ಮನೆ ಇರುತ್ತವೆ. ಅದೇ ಇಪ್ಪತ್ತು ಸಲ. ಅದರಿಂದ ಹೂವೂ ಆಗುವುದಿಲ್ಲ, ಗೆರೆಯೂ ಆಗುವುದಿಲ್ಲ. ಸೊನ್ನೆ ಮತ್ತು ದಪ್ಪ ಅಂಚು ಅಲಂಕಾರವಿರಬೇಕು, ಅಥವಾ ಪೆನ್ಸಿಲು ಹಿಡಿದ ಕೈ ಸುಮ್ಮನೆ ಆಡಿದ್ದಿರಬೇಕು. ಬಹಳ ವರ್ಷ ಒಂದೇ ಕೆಲಸ ಮಾಡಿದ ಕೈಗೆ ಅಂಥ ಅಭ್ಯಾಸ ಉಳಿಯುತ್ತದೆ.

ನೀವು ಎರಡರಲ್ಲೊಂದು ಉತ್ತರ ಕೇಳಿದ್ದೀರಿ. ಇದರಲ್ಲಿ ಅರ್ಥವಿಲ್ಲ.

ಗೌರೀಶ


ಬನಹಟ್ಟಿ
20 ಆಗಸ್ಟ್ 2024

ಗೌರೀಶ ಸರ್ ಅವರಿಗೆ,

ನಮಸ್ಕಾರಗಳು. ನಾನು ನಿಮ್ಮ ಹತ್ತಿರ ಒಂದು ಮಾತು ಮುಚ್ಚಿಟ್ಟಿದ್ದೆ. ಅದನ್ನು ಈಗ ಹೇಳಬೇಕು.

ಆ ಪುಟಗಳು ಹಳೆಯ ಪುಸ್ತಕದ್ದಲ್ಲ. ಮಾವನವರಿಗೆ ಮಾರ್ಚಿನಲ್ಲಿ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅಕ್ಷರ ಬರೆಯಲಿಕ್ಕೂ ಓದಲಿಕ್ಕೂ ಬರುತ್ತಿಲ್ಲ. ಅವರ ಹೆಸರನ್ನೇ ಬರೆದು ತೋರಿಸಿದರೂ ಗೋಡೆ ನೋಡಿದಂತೆ ನೋಡುತ್ತಾರೆ. ಉಳಿದದ್ದು ‘ಹೂಂ’ ಒಂದೇ. ಚಹಾ ಬೇಕೋ ಎಂದರೆ ಹೂಂ, ಬೇಡವೋ ಎಂದರೂ ಹೂಂ. ನಾವು ಹೇಳುವುದು ಅವರಿಗೆ ತಿಳಿಯುತ್ತದೋ ಇಲ್ಲವೋ ಹೇಳುವುದು ಕಷ್ಟ ಎಂದು ಡಾಕ್ಟರರು ಅಂದರು. ಜೂನಿನಲ್ಲಿ ನಾನು ಸುಮ್ಮನೆ ಚೌಕದ ಕಾಗದವನ್ನೂ ಪೆನ್ಸಿಲನ್ನೂ ಎಡಗೈಗೆ ಕೊಟ್ಟೆ. ಅಂದಿನಿಂದ ಎರಡು ಮೂರು ದಿನಕ್ಕೊಂದು ಪುಟ. ಒಂದೊಂದಕ್ಕೆ ಒಂದು ತಾಸು ಹಿಡಿಯುತ್ತದೆ.

ಸತ್ಯ ಹೇಳಿದರೆ ನೀವು ಮರುಕದಿಂದ ಉತ್ತರಿಸುತ್ತೀರಿ, ನಿಯಮದಿಂದ ಅಲ್ಲ ಎಂದು ಹೆದರಿ ‘ಹಳೆಯ ಪುಸ್ತಕ’ ಎಂದು ಬರೆದೆ. ನಿಮ್ಮ ಉತ್ತರವನ್ನು ನನ್ನ ಮನೆಯವರು, ಸೋಮಲಿಂಗ, ಗಟ್ಟಿಯಾಗಿ ಓದಿದರು.

“ನಿಮ್ಮ ಮಾಸ್ತರರ ಬರದಾರಲ್ಲ, ಅರ್ಥ ಇಲ್ಲಂತ. ಇನ್ನೇನ ಬೇಕು ನಿನಗ?”

ಅತ್ತೆ ಶಿವವ್ವ ಅಲ್ಲೇ ಕಾಳು ಹಸನ ಮಾಡುತ್ತಿದ್ದರು. “ಅವರು ಇವರನ್ನ ನೋಡ್ಯಾರೇನ?”

“ಕಾಗದ ನೋಡ್ಯಾರಲ್ಲಬೇ.”

“ಕಾಗದಕ್ಕ ಲಕ್ವಾ ಹೊಡದಿಲ್ಲ.”

ಮನೆಯವರು ಕೆಟ್ಟವರಲ್ಲ. ಸಮೀರವಾಡಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಅಪ್ಪನ ಮೈ ಒರೆಸುವವರು ಅವರೇ. ಆದರೆ ಈಗ ಕಾರ್ಡುಗಳು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ, ನಮ್ಮ ಅಂಗಡಿಗೆ ಬರುವವರು ಕಡಿಮೆ. ದಸರೆಗೆ ಗುಜರಿಯ ಗಂಗಾರಾಮ ಬಂದು ಮಶಿನ್ನನ್ನೂ ಹತ್ತೊಂಬತ್ತು ಡಿಸೈನು ಪುಸ್ತಕಗಳನ್ನೂ ಒಯ್ಯಬೇಕೆಂದು ಮಾತಾಗಿದೆ. ಮನೆಯವರು ಅಂದದ್ದು ಇದು: “ಅಪ್ಪಗ ತಿಳಿತೈತಿ ಅಂತ ಖಾತ್ರಿ ಆದ್ರ, ಅವನ್ನ ಕೇಳದ ಒಂದು ಮೊಳಿ ಸೈತ ಮಾರೂದಿಲ್ಲ. ತಿಳಿಯೂದಿಲ್ಲ ಅಂದಮ್ಯಾಲೆ ಕೇಳಿದಂಗ ನಾಟಕ ಮಾಡಾಕ ನನ್ನ ಕೈಲೆ ಆಗೂದಿಲ್ಲ.”

ಕೈ ದಣಿಯುತ್ತದೆ ಎಂದು ಪೆನ್ಸಿಲು ಕಾಗದ ಎರಡನ್ನೂ ತೆಗೆದಿಟ್ಟರು. ಎರಡು ದಿನದಿಂದ ಮಾವನವರು ಚಾದರದ ಚೌಕಳಿಯ ಮೇಲೆ ಉಗುರಿನಿಂದ ಗೀರುತ್ತಿದ್ದಾರೆ.

ಅಕ್ಷತಾ


ಬನಹಟ್ಟಿ
5 ಸೆಪ್ಟೆಂಬರ್ 2024

ಗೌರೀಶ ಸರ್ ಅವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಸುಳ್ಳು ಹೇಳಿದ್ದಕ್ಕೆ ಸಿಟ್ಟಾಗಿದ್ದರೆ ಅದು ನ್ಯಾಯವೇ.

ಪೆನ್ಸಿಲನ್ನು ನಾನು ಮರಳಿ ಕೊಟ್ಟಿದ್ದೇನೆ. ಅರ್ಥವಿಲ್ಲದಿದ್ದರೂ ಇರಲಿ, ಚಾದರ ಹರಿಯುವುದಕ್ಕಿಂತ ಮೇಲು ಎಂದು ಮನೆಯವರಿಗೆ ಹೇಳಿದೆ. ಈಗ ಇಪ್ಪತ್ತೆಂಟು ಪುಟಗಳಾಗಿವೆ.

ಅಕ್ಷತಾ


ಬೀಳಗಿ
12 ಸೆಪ್ಟೆಂಬರ್ 2024

ಅಕ್ಷತಾ ಅವರಿಗೆ,

ಸಿಟ್ಟಲ್ಲ. ಬರೆಯಲು ಆಗಲಿಲ್ಲ. ಕಾರಣ ಬೇರೆ, ಅದನ್ನು ಮುಂದೆಂದಾದರೂ ಹೇಳುವೆ.

‘ಅರ್ಥವಿಲ್ಲ’ ಎಂದು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಅರ್ಥವಿದೆ ಎಂದು ಈಗ ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ ಎಂದು ಹೇಳುತ್ತಿದ್ದೇನೆ. ಮೊದಲ ಕಾಗದದಲ್ಲಿಯೇ ಹಾಗೆ ಬರೆಯಬೇಕಿತ್ತು. ನನಗೆ ತಿಳಿಯದ ಎರಡು ಗುರುತುಗಳನ್ನು ಅಲಂಕಾರ ಎಂದು ಕರೆದು ದಾಟಿಹೋದೆ. ವಿದ್ಯಾರ್ಥಿಯೊಬ್ಬ ಲೆಕ್ಕದಲ್ಲಿ ಹಾಗೆ ಮಾಡಿದ್ದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ.

ಎರಡು ಕೇಳಿಕೆ. ಮೊದಲನೆಯದು: ಮುರಗೆಪ್ಪನವರು ಆರೋಗ್ಯವಾಗಿದ್ದಾಗ ಬರೆದ ಪುಸ್ತಕಗಳಲ್ಲಿ ಸೊನ್ನೆ ಬರುತ್ತದೆಯೇ? ಬಂದರೆ ಎಲ್ಲಿ, ಯಾವುದಕ್ಕೆ? ಒಂದು ಉದಾಹರಣೆಯಾದರೂ ಬೇಕು. ಎರಡನೆಯದು: ನಿಮ್ಮ ನಕಲು ಬೇಡ. ಅವರ ಕೈಯಿಂದ ಬಂದ ಪುಟವನ್ನೇ ಕಳಿಸಿ. ನೀವು ಚೊಕ್ಕ ಮಾಡಿದಾಗ ಏನು ಬಿಟ್ಟಿರೋ ಅದು ನಿಮಗೂ ಗೊತ್ತಿರಲಾರದು.

ಗೌರೀಶ


ಬನಹಟ್ಟಿ
17 ಸೆಪ್ಟೆಂಬರ್ 2024

ಗೌರೀಶ ಸರ್ ಅವರಿಗೆ,

ನಮಸ್ಕಾರಗಳು. ಸೊನ್ನೆ ಬರುತ್ತದೆ. ಬರೆಯಲು ಕೂತಾಗಲೇ ಅದು ಎಷ್ಟು ಸಲ ಬರುತ್ತದೆ ಎಂದು ಹೊಳೆದದ್ದು.

ದಡಿಯ ಚಿತ್ರದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿರುತ್ತದೆ. ಪ್ರತಿ ಸಲ ನೂರಿಪ್ಪತ್ತು ಚೌಕ ತುಂಬುವ ಬದಲು ಮಾವನವರು ಬದಿಗೆ ಒಂದು ಸೊನ್ನೆ ಹಾಕಿ ಅದರೊಳಗೆ ಅಂಕಿ ಬರೆಯುತ್ತಿದ್ದರು. ಸೊನ್ನೆಯೊಳಗೆ ಒಂಬತ್ತು ಎಂದರೆ ‘ಒಂಬತ್ತನೆಯ ಸಾಲಿನಲ್ಲಿ ಬರೆದದ್ದನ್ನೇ ಇಲ್ಲಿಯೂ ತಿಳಿ’ ಎಂದು. ಅಂಗಡಿಗೆ ಬಂದ ಮೊದಲ ವಾರ ನನಗೆ ಇದು ಗೊತ್ತಿರಲಿಲ್ಲ. ಸೊನ್ನೆ ಕಂಡಲ್ಲೆಲ್ಲ ತೂತು ಹೊಡೆದೆ. ಹನ್ನೆರಡು ಕಾರ್ಡು ಹಾಳು. ಮಾವನವರು ಬೈಯಲಿಲ್ಲ. ಹಾಳಾದ ಕಾರ್ಡುಗಳನ್ನು ನನ್ನ ಕೈಗೇ ಕೊಟ್ಟು ಅಂದರು: “ಸೊನ್ನಿ ಕಂಡ್ರ ಮಗ್ಗ ಮರಿಬೇಕವಾ. ಪುಸ್ತಕ ನೆನಸ್ಬೇಕು.” ಆ ಹನ್ನೆರಡರಲ್ಲಿ ಒಂದನ್ನು ಅತ್ತೆ ಇವತ್ತಿಗೂ ಒಲೆ ಊದಲು ಬೀಸಣಿಕೆಯಾಗಿ ಬಳಸುತ್ತಾರೆ. ಗಾಳಿಯೆಲ್ಲ ತೂತಿನಿಂದ ಹೋಗುತ್ತದೆ, ಆದರೂ ಬಿಡುವುದಿಲ್ಲ.

ನಾಲ್ಕು ಮೂಲ ಪುಟಗಳನ್ನು ಇದರಲ್ಲಿ ಇಟ್ಟಿದ್ದೇನೆ. ದಯವಿಟ್ಟು ಮರಳಿ ಕಳಿಸಿ.

ಅಕ್ಷತಾ


ಬೀಳಗಿ
23 ಸೆಪ್ಟೆಂಬರ್ 2024

ಅಕ್ಷತಾಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ‘ನೀನು’ ಎಂದು ಬರೆಯುತ್ತಿದ್ದೇನೆ. ಶನಿವಾರದ ತರಗತಿಯಲ್ಲಿ ಹಾಗೇ ಕರೆಯುತ್ತಿದ್ದೆನಲ್ಲ.

“ಮಗ್ಗ ಮರಿಬೇಕು, ಪುಸ್ತಕ ನೆನಸ್ಬೇಕು.” ನಾನು ಮೂವತ್ತೊಂದು ವರ್ಷ ಕಲಿಸಿದ್ದನ್ನು ನಿನ್ನ ಮಾವ ಒಂದೇ ಮಾತಿನಲ್ಲಿ ಹೇಳಿದ್ದಾರೆ.

ನೋಡು. ‘ಮುಧೋಳದಲ್ಲಿ ಬಸ್ಸು ಬದಲಿಸು’ ಎಂದರೆ ಆ ಮಾತು ಊರಿನ ಬಗ್ಗೆ. ‘ಮುಧೋಳ ಎಂದು ಬರೆಯಲು ಮೂರು ಅಕ್ಷರ ಬೇಕು’ ಎಂದರೆ ಅದು ಊರಿನ ಬಗ್ಗೆ ಅಲ್ಲ, ಊರಿನ ಹೆಸರಿನ ಬಗ್ಗೆ. ಮೊದಲನೆಯದರಲ್ಲಿ ಗುರುತು ವಸ್ತುವನ್ನು ತೋರಿಸುತ್ತದೆ. ಎರಡನೆಯದರಲ್ಲಿ ಗುರುತು ಇನ್ನೊಂದು ಗುರುತನ್ನು ತೋರಿಸುತ್ತದೆ. ಈ ಎರಡು ಬೆರೆಯಬಾರದೆಂದು ನಾವು ಬರೆಯುವಾಗ ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕುತ್ತೇವೆ. ಮುರಗೆಪ್ಪನವರು ಸೊನ್ನೆ ಹಾಕುತ್ತಾರೆ. ನೀನು ಹೇಳಿದ ಉದಾಹರಣೆಯಲ್ಲಿ ಅವರ ಸೊನ್ನೆ ಎಳೆಯನ್ನು ತೋರಿಸುವುದಿಲ್ಲ. ಕಾಗದದ ಮೇಲೆ ಬರೆದದ್ದನ್ನು ತೋರಿಸುತ್ತದೆ.

ಹಾಗಾದರೆ ಸೊನ್ನೆಯೊಳಗಿನ × ಎಂದರೆ ‘ಎಳೆ ಎತ್ತು’ ಅಲ್ಲ. ‘ಇಲ್ಲಿ ಬರೆದಿರುವ × ಎಂಬ ಗುರುತು’ ಎಂದು. ಪಕ್ಕದಲ್ಲಿ ದಪ್ಪ ಅಂಚಿನ ಖಾಲಿ ಚೌಕ; ದಪ್ಪ ಅಂಚು ‘ಸರಿಯಾದದ್ದು ಇದು’ ಎಂದು ಒತ್ತಿ ಹೇಳುವುದಿರಬೇಕು. ನಾನು ಹೀಗೆ ಓದುತ್ತೇನೆ: ಮೂವತ್ತೇಳನೆಯ ಸಾಲಿನ ಹದಿನಾಲ್ಕನೆಯ ಚೌಕದಲ್ಲಿ × ಬರೆದಿದೆ, ಅಲ್ಲಿ ಖಾಲಿ ಇರಬೇಕಿತ್ತು. ಇದು ಡಿಸೈನಲ್ಲ. ಡಿಸೈನಿನ ಬಗ್ಗೆ ಒಂದು ಮಾತು. ತಪ್ಪೋಲೆ, ಪುಸ್ತಕದ ಕೊನೆಯ ತಪ್ಪು-ಒಪ್ಪಿನ ಪಟ್ಟಿಯಂತೆ.

ಆದರೆ ಯಾವ ಡಿಸೈನು? ಅದಿಲ್ಲದೆ ಈ ಓದು ಬರೀ ಊಹೆ. ಇನ್ನೊಂದು ಮಾತು: ಇದರೊಂದಿಗೆ ಮರಳಿಸುತ್ತಿರುವ ಮೂಲ ಪುಟಗಳ ಎಡಗಡೆಯ ಕೆಳಮೂಲೆಯಲ್ಲಿ ಸಣ್ಣ ಗೀರುಗಳಿವೆ. ನಾಲ್ಕೂ ಪುಟದಲ್ಲಿ ಮೊದಲು ಏಳು, ಸ್ವಲ್ಪ ಜಾಗ ಬಿಟ್ಟು ಮೂರು. ನಿನ್ನ ನಕಲಿನಲ್ಲಿ ಅವು ಇಲ್ಲ. ಯಾಕೆ ಬಿಟ್ಟೆ?

ಗೌರೀಶ


ಬನಹಟ್ಟಿ
30 ಸೆಪ್ಟೆಂಬರ್ 2024

ಗೌರೀಶ ಸರ್ ಅವರಿಗೆ,

ನಮಸ್ಕಾರಗಳು. ಬಿಟ್ಟದ್ದು ಯಾಕೆಂದರೆ ನಾನು ಒಳ್ಳೆಯ ಕೆಲಸಗಾರ್ತಿ. ಪೆನ್ಸಿಲು ಚೂಪು ಮಾಡಿದ ಮೇಲೆ ಮೊನೆ ನೋಡಲು ನಮ್ಮಲ್ಲಿ ಎಲ್ಲರೂ ಕೆಳಮೂಲೆಯಲ್ಲಿ ಗೀರುತ್ತಾರೆ. ನಕಲು ಮಾಡುವವರು ಮೂಲೆಯ ಗೀರನ್ನು ಎತ್ತಿಕೊಳ್ಳಬಾರದು ಎಂಬುದು ಅಂಗಡಿಯ ಮೊದಲ ಪಾಠ. ಹದಿಮೂರು ವರ್ಷದಲ್ಲಿ ಒಂದು ಸಲವೂ ಎತ್ತಿಕೊಂಡಿಲ್ಲ.

ನಿಮ್ಮ ಕಾಗದ ಹಿಡಿದು ನಾನು ಅಂಗಡಿಯಲ್ಲಿ ಕೂತೆ. ಮೇಲೆ ಮೊಳೆಗಳಿಗೆ ಕಾರ್ಡಿನ ಕಟ್ಟುಗಳು ತೂಗಿರುತ್ತವೆ. ಕಟ್ಟಿದ ನೂಲಿನ ತುದಿಯಲ್ಲಿ ಗಂಟುಗಳು. ಮಗ್ಗದವರಲ್ಲಿ ಓದು ಬಾರದವರು ಬಹಳ ಜನ ಇದ್ದ ಕಾಲದಲ್ಲಿ ಮಾವನವರು ಮಾಡಿದ ಪದ್ಧತಿ ಅದು: ಮೊದಲು ಪುಸ್ತಕದ ಸಂಖ್ಯೆಯಷ್ಟು ಗಂಟು, ಒಂದು ಬೆರಳು ಜಾಗ ಬಿಟ್ಟು ಡಿಸೈನಿನ ಸಂಖ್ಯೆಯಷ್ಟು ಗಂಟು. ಕತ್ತಲಲ್ಲಿಯೂ ಕೈಯಿಂದ ತಡವಿ ಹೇಳಬಹುದು. ಏಳು ಗಂಟು, ಜಾಗ, ಮೂರು ಗಂಟು. ಗೀರು ಗಂಟನ್ನು ತೋರಿಸುತ್ತಿತ್ತು, ಗಂಟು ಪುಸ್ತಕವನ್ನು.

ಏಳನೆಯ ಪುಸ್ತಕದ ಮೂರನೆಯ ಡಿಸೈನು ತೆನೆಯ ದಡಿ. ನಾಲ್ಕು ಜೋಳದ ತೆನೆ ಒಂದರ ಪಕ್ಕ ಒಂದು. ಕೆಳಗಿನಿಂದ ಮೂವತ್ತೇಳು ಎಣಿಸಿದೆ, ಎಡದಿಂದ ಹದಿನಾಲ್ಕು. × ಇತ್ತು. ಉಳಿದ ಮೂರು ತೆನೆಗಳಲ್ಲಿ ಅದೇ ಜಾಗ ಖಾಲಿ. ಮೊದಲನೆಯ ತೆನೆಯಲ್ಲಿ ಮಾತ್ರ ಒಂದು ಕಾಳು ಹೊರಗೆ ಬಿದ್ದಿದೆ. ಗಂಡನಿಗೆ ಹೇಳುವ ಮೊದಲು ಟ್ರಂಕು ತೆಗೆದೆ. ನನ್ನ ಮದುವೆಯ ಸೀರೆಗೆ ಇದೇ ದಡಿ. ಒಂದೊಂದು ಗೇಣಿಗೂ ಒಂದು ಕಾಳು ಹೊರಗೆ. ಹದಿಮೂರು ವರ್ಷ ನಾನು ಅದನ್ನು ನೋಡಿಲ್ಲ.

ಅತ್ತೆ ನನ್ನ ಹಿಂದೆಯೇ ಬಂದು ನಿಂತಿದ್ದರು. “ಈಗ ಕಾಣ್ತೇನ ನಿನಗ? ಊರಾಗಿನ ಹೆಂಗಸರಿಗೆಲ್ಲ ಯಾವಾಗಲೋ ಕಂಡೈತಿ. ಸೀರಿ ಅಂಗಡ್ಯಾಗ ಅವರು ತೆನಿ ದಡಿ ಅಂತ ಕೇಳಂಗಿಲ್ಲ, ಉದುರುಗಾಳ ದಡಿ ಕೊಡ್ರಿ ಅಂತಾರ.”

“ಮಾವನವರಿಗೆ ಗೊತ್ತೇನ್ರಿ?”

“ತಪ್ಪು ಗೊತ್ತು, ಕಂಡಾಗ ಕಾರ್ಡು ಆಗಲೇ ಊರ ಮಗ್ಗಕ್ಕೆಲ್ಲ ಏರಿದ್ವು. ನನ್ನ ತೆನಿ ದಡಿ ಸೀರಿ ಉಟ್ಟಾಗೆಲ್ಲ ದಡಿ ನೋಡ್ತಿದ್ರು, ಮುಖಾ ನೋಡ್ತಿರಲಿಲ್ಲ. ಹೆಸರು ಗೊತ್ತಿಲ್ಲ. ತನ್ನ ತಪ್ಪು ಸಂತ್ಯಾಗ ಹೆಸರಾಗೇತಿ ಅಂತ ಕೇಳಿದ್ರ ಆವತ್ತೇ ಪುಸ್ತಕ ಸುಡ್ತಿದ್ರು. ಅದಕ್ಕ ನಾವ್ಯಾರೂ ಅಂದಿಲ್ಲ.”

ನಾನು ಮೂವತ್ತೇಳನೆಯ ಕಾರ್ಡನ್ನು ಹೊಸದಾಗಿ ಹೊಡೆದೆ, ಹದಿನಾಲ್ಕನೆಯ ಜಾಗ ಬಿಟ್ಟು. ಮಾವನವರ ಕೈಗೆ ಕೊಟ್ಟೆ. ಅವರು ಎಡಗೈಯ ಬೆರಳನ್ನು ತೂತಿಲ್ಲದ ಆ ಜಾಗದ ಮೇಲೆ ಇಟ್ಟು “ಹೂಂ” ಅಂದರು. ಅಂದಿನಿಂದ ಹೊಸ ಪುಟ ಬರೆದಿಲ್ಲ.

ನನಗೆ ಇಷ್ಟು ಸಾಕು. ಮನೆಯವರಿಗೆ ಸಾಲದು. “ಹಳೇದೊಂದು ತಪ್ಪು ತಲ್ಯಾಗ ಸಿಕ್ಕೊಂಡಿತ್ತು, ಕೈ ಅದನ್ನ ಬರೀತು. ಅಷ್ಟಕ್ಕ ಎಲ್ಲಾ ತಿಳಿತೈತಿ ಅಂದ್ರ ಹೆಂಗ? ಹೂಂ ಅಂತೂ ಎಲ್ಲಾದಕ್ಕೂ ಅಂತಾನ.” ಗಂಗಾರಾಮ ಅಕ್ಟೋಬರ್ ಹನ್ನೆರಡಕ್ಕೆ, ದಸರೆಯಂದು ಬರುತ್ತಾನೆ.

ಅಕ್ಷತಾ


ಬೀಳಗಿ
4 ಅಕ್ಟೋಬರ್ 2024

ತಂಗಿ ಅಕ್ಷತಾ,

ಗೀರು ಗಂಟನ್ನು, ಗಂಟು ಪುಸ್ತಕವನ್ನು, ಪುಸ್ತಕ ಎಳೆಯನ್ನು. ಇದನ್ನು ನಾನು ಒಂದು ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ಸೋಮಲಿಂಗನ ಮಾತನ್ನು ತಳ್ಳಿಹಾಕಬೇಡ. ಅವನ ಸಂದೇಹ ಸರಿಯಾದ ಜಾಗದಲ್ಲಿದೆ. ಎಷ್ಟು ಸಲ ಹೇಳಿದರೂ ಅದು ಒಂದೇ ಮಾತು. ಅಭ್ಯಾಸದಿಂದ ಹಳೆಯ ಮಾತು ಮರಳಿ ಬರಬಹುದು. ಭಾಷೆ ತಿಳಿದವನ ಗುರುತು ಬೇರೆ: ಅವನು ಅದೇ ನಿಯಮಗಳಿಂದ, ಹಿಂದೆಂದೂ ಆಡದ ಮಾತನ್ನು, ಸಂದರ್ಭಕ್ಕೆ ತಕ್ಕಂತೆ ಆಡುತ್ತಾನೆ. ಅಂಥ ಒಂದು ಪುಟ ಬಂದರೆ ಸೋಮಲಿಂಗನಿಗೆ ಯಾರೂ ಏನೂ ಹೇಳಬೇಕಾಗುವುದಿಲ್ಲ. ಬಾರದಿದ್ದರೆ ನಾನು ಸುಳ್ಳು ಬರೆದುಕೊಡಲಾರೆ. ಪರೀಕ್ಷೆ ಇಟ್ಟಂತೆ ಮುಂದೆ ಕೂತು ಕೇಳಬೇಡ. ಮನೆಯಲ್ಲಿ ಮಾತನಾಡುವಂತೆ ಮಾತನಾಡುತ್ತಿರಿ, ಕಾಗದ ಕೈಗೆ ಸಿಗುವಂತಿರಲಿ.

ಆಗಸ್ಟಿನಲ್ಲಿ ಉತ್ತರ ಬರೆಯದಿದ್ದುದಕ್ಕೆ ಕಾರಣ ಹೇಳುತ್ತೇನೆಂದಿದ್ದೆ. ನನ್ನ ಹೆಂಡತಿ ಕಸ್ತೂರೆವ್ವ ಆರು ವರ್ಷದ ಹಿಂದೆ ತೀರಿಕೊಂಡಳು. ಕೊನೆಯ ಎರಡು ತಿಂಗಳು ಅವಳಿಗೂ ಮಾತಿರಲಿಲ್ಲ. ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಬಡಿಯುತ್ತಿದ್ದಳು. ನಾಲ್ಕು ಸಲ, ತಡೆದು ಎರಡು ಸಲ. ನನಗೆ ಆಗಲೇ ಕಿವಿ ಮಂದ. ಪಟ್ಟಿಯ ಮೇಲೆ ಕೈಯಿಟ್ಟಾಗ ಗೊತ್ತಾಗುತ್ತಿತ್ತು. ನಡುಕ ಎಂದುಕೊಂಡೆ. ನಿನ್ನ ಮಾವ ಚಾದರದ ಮೇಲೆ ಗೀರುತ್ತಿದ್ದಾರೆ ಎಂದು ಓದಿದ ದಿನ, ನಡುಕಕ್ಕೆ ಎಣಿಕೆ ಇರುವುದಿಲ್ಲ ಎಂದು ಹೊಳೆಯಿತು. ಆಮೇಲೆ ಕೆಲವು ದಿನ ನಾನು ಪೆನ್ನು ಹಿಡಿಯಲಿಲ್ಲ.

ಇದಕ್ಕೆ ನೀನು ಉತ್ತರ ಬರೆಯಬೇಕೆಂದಿಲ್ಲ.

ಗೌರೀಶ


ಬನಹಟ್ಟಿ
11 ಅಕ್ಟೋಬರ್ 2024, ಖಂಡೆನವಮಿ

ಗೌರೀಶ ಸರ್ ಅವರಿಗೆ,

ನಮಸ್ಕಾರಗಳು. ಬೇಡವೆಂದರೂ ಒಂದು ಕೇಳುತ್ತೇನೆ. ಕಸ್ತೂರೆವ್ವನವರು ದಿನಾ ಮಾಡುತ್ತಿದ್ದ ಕೆಲಸಗಳಲ್ಲಿ ಎಣಿಸುವಂಥದ್ದು ಯಾವುದಿತ್ತು? ಚಹಾಕ್ಕೆ ಚಮಚ, ರೊಟ್ಟಿಗೆ ಬೊಗಸೆ, ಬಾಗಿಲಿನ ಚಿಲಕ, ಏನಾದರೂ. ನಮ್ಮದು ಗಂಟಿನಲ್ಲಿತ್ತು, ನಾನು ದಿನಾ ಅದರ ಕೆಳಗೇ ಕೂಡುತ್ತಿದ್ದೆ.

ಈಗ ಇಂದಿನ ಮಾತು. ಬೆಳಿಗ್ಗೆ ಮಶಿನ್ನಿಗೆ ಪೂಜೆ ಮಾಡಿದೆವು. ನಾಳೆ ಹೋಗುವ ಮಶಿನ್ನಿಗೂ ಇಂದು ಪೂಜೆ ತಪ್ಪಬಾರದು ಎಂದು ಅತ್ತೆಯ ಹಟ. ಮಾವನವರನ್ನು ಕುರ್ಚಿಯಲ್ಲಿ ಕೂಡಿಸಿ ಅಂಗಡಿಗೆ ತಂದೆವು. ಅತ್ತೆ ತೆನೆಯ ದಡಿಯ ಸೀರೆ ಉಟ್ಟಿದ್ದರು. ಮಾವನವರ ಕಣ್ಣು ನೇರ ದಡಿಗೆ ಹೋಯಿತು.

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿ ಎದುರಿಗೆ ನಿಂತರು. “ನೋಡ್ರಿ, ಚೆಂದಾಗಿ ನೋಡ್ರಿ. ಇಪ್ಪತ್ತು ವರ್ಷ ಬಾಯಿ ಮುಚ್ಚಿದ್ದೆ, ಇವತ್ತ ಹೇಳ್ತೇನಿ. ಇದಕ್ಕ ಉದುರುಗಾಳ ದಡಿ ಅಂತಾರ ಮಂದಿ. ಆ ಕಾಳಿಗೇ ಹುಡುಕ್ಕೊಂಡ ಬರ್ತಾರ. ಹಕ್ಕಿಗೊಂದ ಕಾಳ ಬಿಟ್ಟಾರ ಮುರಗೆಪ್ಪನವರು ಅಂತಾರ. ನೀವೊಬ್ರ ತಪ್ಪು ತಪ್ಪು ಅಂತ ಕುಂತೀರಿ.”

“ಯವ್ವಾ, ಸಾಕು ಬಿಡು. ಪೂಜಿ ಮುಗಸು” ಅಂದರು ಮನೆಯವರು.

ಮಾವನವರು ಎಡಗೈ ಮೇಜಿನ ಕಡೆ ಚಾಚಿದರು. ಕಾಗದ ಅಲ್ಲೇ ಇಟ್ಟಿದ್ದೆ. ಮೂಲೆಯಲ್ಲಿ ಏಳು ಗೀರು, ಮೂರು ಗೀರು. ಸೊನ್ನೆಯೊಳಗೆ ×, ಪಕ್ಕಕ್ಕೆ ದಪ್ಪ ಅಂಚಿನ ಖಾಲಿ ಚೌಕ. ಹಳೆಯದೇ. ಮನೆಯವರು ನನ್ನನ್ನು ನೋಡಿದರು, ನೋಡಿದೆಯಾ ಎಂಬಂತೆ. ಆದರೆ ಮಾವನವರು ಪೆನ್ಸಿಲು ಕೆಳಗಿಡಲಿಲ್ಲ. ಸೊನ್ನೆ, ×, ಖಾಲಿ ಚೌಕ ಮೂರನ್ನೂ ಸೇರಿಸಿ ಸುತ್ತಲೂ ಇನ್ನೊಂದು ದೊಡ್ಡ ಸೊನ್ನೆ ಎಳೆದರು. ಅದರ ಪಕ್ಕಕ್ಕೆ ಇನ್ನೊಂದು ಖಾಲಿ ಚೌಕ ಬರೆದು ಅದರ ಅಂಚನ್ನೂ ದಪ್ಪ ಮಾಡಿದರು.

“ಇದೇನಿದು? ಇದು ಹೊಸಾದು” ಅಂದರು ಮನೆಯವರು.

ನಾನು ನಿಮ್ಮ ನಿಯಮದಿಂದ ಓದಿದೆ. ಒಳಗಿನದು: ಇಲ್ಲಿ ಬರೆದ × ಬೇಡ, ಖಾಲಿ ಇರಬೇಕು. ಹೊರಗಿನದು: ಹಾಗೆಂದು ಬರೆದ ಈ ಮಾತು ಬೇಡ, ಅದೂ ಖಾಲಿ ಇರಬೇಕು.

“ಅಂದ್ರ?”

ಅತ್ತೆಯೇ ಹೇಳಿದರು. “ಅಂದ್ರ ಕಾಳು ಇರ್ಲಿ ಅಂತ. ಅಷ್ಟೂ ತಿಳಿಯೂದಿಲ್ಲೇನಲೇ.”

ಮನೆಯವರು ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. ಹಳೆಯ ಪುಟಗಳನ್ನೆಲ್ಲ ತರಿಸಿ ಒಂದೊಂದಾಗಿ ಪಕ್ಕದಲ್ಲಿ ಇಟ್ಟು ನೋಡಿದರು. ಆಮೇಲೆ ಅಪ್ಪನ ಕಾಲ ಹತ್ತಿರ ನೆಲದ ಮೇಲೆ ಕೂತರು. ಮಾರ್ಚಿನಿಂದ ಅವರು ಅಪ್ಪನ ಜೊತೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ; ಅಪ್ಪನ ಬಗ್ಗೆ ಮಾತಾಡುತ್ತಿದ್ದರು.

“ಯಪ್ಪಾ, ಮಶಿನ್ ಮಾರಬೇಕಂತ ಮಾಡೇನಿ. ಕೊಡ್ಲೇನು?”

“ಹೂಂ.”

“ಬ್ಯಾಡೇನು?”

“ಹೂಂ.”

ಮನೆಯವರಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಅಷ್ಟರಲ್ಲಿ ಮಾವನವರು ಕಾಗದ ತಿರುವಿ ಹೊಸ ಪುಟದ ಮೂಲೆಯಲ್ಲಿ ಗೀರತೊಡಗಿದ್ದರು. ಹನ್ನೊಂದು ಗೀರು, ಜಾಗ ಬಿಟ್ಟು ಎರಡು. ಐದನೆಯ ಸಾಲು, ಅರವತ್ತನೆಯ ಚೌಕ. ಈ ಸಲ ಸೊನ್ನೆಯೊಳಗೆ ಖಾಲಿ, ಪಕ್ಕದ ದಪ್ಪ ಚೌಕದೊಳಗೆ ×.

“ಇನ್ನೊಂದು ತಪ್ಪು” ಅಂದೆ.

“ಹತ್ತೊಂಬತ್ತು ಪುಸ್ತಕ ಅದಾವು. ಇದು ಲಗೂ ಮುಗಿಯೂದಲ್ಲ” ಅಂದರು ಅತ್ತೆ. “ಲೇ ಸೋಮ, ಆ ಗಂಗಾರಾಮಗ ಫೋನ್ ಹಚ್ಚು, ಬರಬ್ಯಾಡ ಅನ್ನು. ಅಕ್ಷತಾ, ನೀ ಇವತ್ತ ಮಶಿನ್ ಮುಟ್ಟಬ್ಯಾಡ, ಪೂಜಿ ಆಗೇತಿ.”

ಇಲ್ಲಿ ಚೌಕದ ಕಾಗದ ಮುಗಿದಿದೆ. ಅಂಗಡಿಗಳು ಹಬ್ಬಕ್ಕೆ ಮುಚ್ಚಿವೆ. ಬೀಳಗಿಯಲ್ಲಿ ಸಿಕ್ಕರೆ ಎರಡು ಕಟ್ಟು ಕಳಿಸುತ್ತೀರಾ?

ಹನ್ನೊಂದನೆಯ ಪುಸ್ತಕ ತೆಗೆದು ಸಂಜೆಯಿಂದ ನೋಡುತ್ತಿದ್ದೇನೆ. ಎರಡನೆಯ ಡಿಸೈನು, ಬಳ್ಳಿಯ ದಡಿ. ಐದನೆಯ ಸಾಲನ್ನು ನಾಲ್ಕು ಸಲ ಎಣಿಸಿದೆ. ಅರವತ್ತನೆಯ ಚೌಕ ಖಾಲಿಯೇ ಇದೆ, ಆದರೆ ಅಲ್ಲಿ × ಯಾಕೆ ಬೇಕೋ ನನಗೆ ಕಾಣುತ್ತಿಲ್ಲ. ಮನೆಯವರಿಗೂ ತೋರಿಸಿದೆ, ಅವರಿಗೂ ಕಾಣಲಿಲ್ಲ.

ಬೆಳಿಗ್ಗೆ ಮಾವನವರನ್ನೇ ಕೇಳಬೇಕು.

ಅಕ್ಷತಾ